ಮಂಜುಗಡ್ಡೆಯ ಲೆಕ್ಕದ ಪುಸ್ತಕದಲ್ಲಿ

ಮಂಗಳೂರಿನಲ್ಲಿ ಚಳಿಗಾಲವೆಂಬುದು
ಘಟ್ಟದ ಮೇಲಿನವರು ಹಬ್ಬಿಸಿದ ಸುದ್ದಿ.
ಡಿಸೆಂಬರಿನ ನಾಲ್ಕು ಬೆಳಗ್ಗೆ
ರಿಕ್ಷಾದವರು ಕಿವಿಗೆ ಮಫ್ಲರ್ ಸುತ್ತುತ್ತಾರೆ,
ಎಂಟು ಗಂಟೆಗೆ ಬಿಚ್ಚಿ ಬೆವರು ಒರೆಸುತ್ತಾರೆ
ಅದೇ ಮಫ್ಲರಿನಲ್ಲಿ.

ನಿಜವಾದ ಚಳಿ ಇರುವುದು ದಕ್ಕೆಯಲ್ಲಿ,
ನಮ್ಮ ಐಸ್ ಪ್ಲಾಂಟಿನ ಒಳಗೆ,
ಮಳೆಗಾಲದ ರಜೆ ಬಿಟ್ಟರೆ ವರ್ಷವಿಡೀ,
ಮೇ ತಿಂಗಳ ನಡುಹಗಲೂ.
ನಾನು ಅಲ್ಲಿ ಗುಮಾಸ್ತ. ಗಾಜಿನ ಗೂಡಿನಲ್ಲಿ ಕೂತು
ಎಷ್ಟು ಕ್ಯಾನು ಎತ್ತಿದರು, ಎಷ್ಟು ಒಡೆಯಿತು,
ಯಾವ ಬೋಟಿಗೆ ಎಷ್ಟು, ಬರೆಯುವವ.
ಎತ್ತುವವರು ಬೇರೆ:
ಹೆಗಲಿಗೆ ಗೋಣಿ, ಕೈಗೆ ತೂತು ಬಿದ್ದ ರಬ್ಬರು,
ಮೈಯದ್ದಿ, ವಾಮನ ಕರ್ಕೇರ, ಮತ್ತೆ
ಜಾರ್ಖಂಡಿನಿಂದ ಬಂದ ಲಖಿಂದರನೆಂಬ ಹುಡುಗ.
ಕ್ಯಾನಿನಿಂದ ಗಡ್ಡೆ ಜಾರಿ ಬಂದಾಗ
ಬಿಳಿ ಹೊಗೆ ಏಳುತ್ತದೆ, ಒಳಗೆ ಬೆಂಕಿ ಇದ್ದಂತೆ.
ನೋಡುವವರಿಗೆ ಹಾಗೆ.
ಗಂಟೆ ಮೂರಾಗುವಾಗ ಅವರ ಬೆರಳು
ಯಾರದ್ದೋ ಬೆರಳು;
ಬೀಡಿ ಹಚ್ಚಲು ಇನ್ನೊಬ್ಬರ ಕೈ ಬೇಕು.

ನಾಲ್ಕಕ್ಕೆ, ಗೋಡೆಯ ಆಚೆ, ಸೆರಪಿನ್ ಬಾಯಿಯ ಒಲೆ.
ಮುರಿದ ದೋಣಿಯ ಹಲಗೆಯೇ ಬೆಂಚು.
ರಾತ್ರಿಯಿಡೀ ಬೆಂದ ಹುರುಳಿಯ ನೀರು,
ಒಂದು ಹಿಡಿ ಕಾಳು ಅರೆದು ಕದಡಿದ್ದು,
ಪುನರ್ಪುಳಿಯ ನಾಲ್ಕು ಸಿಪ್ಪೆ, ಮೆಣಸು, ಜೀರಿಗೆ,
ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ
ಇನ್ನೇನು ಕರಕಲಾಗಬೇಕು ಎನ್ನುವಾಗ
ಚೊಯ್ಯೆಂದು ಒಗ್ಗರಣೆ.
ಅಮೋನಿಯಾದ ವಾಸನೆ ಎರಡು ಹೆಜ್ಜೆ ಹಿಂದೆ ಸರಿಯುತ್ತದೆ.
ಸ್ಟೀಲಿನ ಲೋಟ ಯಾರೂ ಮೊದಲು ತುಟಿಗಿಡುವುದಿಲ್ಲ.
ಎರಡೂ ಅಂಗೈಯಲ್ಲಿ ಹಿಡಿದು ಕೂರುತ್ತಾರೆ,
ಕೈಗೆ ಕುಡಿಸುತ್ತಾರೆ.
ಆಮೇಲೆ ಬಾಯಿಗೆ.

‘ಕಂಬಳದ ಕೋಣಕ್ಕೆ ಕಾಳು, ನಮಗೆ ಅದು ಬೆಂದ ನೀರು’
ದಿನವೂ ಇದೇ ಮಾತು, ದಿನವೂ ವಾಮನಣ್ಣನದೇ ನಗು.
ಅವನಿಗದು ಕುಡು, ಸೆರಪಿನ್ ಬಾಯಿಗೆ ಕುಳಿತ್,
ನಾನು ಶಾಲೆಯಲ್ಲಿ ಕಲಿತದ್ದು ಹುರುಳಿ.

ಲಖಿಂದರ ಎರಡು ತಿಂಗಳು ಅತ್ತ ಸುಳಿಯಲಿಲ್ಲ.
ಬೆಂಚಿನಿಂದ ದೂರ, ಬಲೆಯ ರಾಶಿಯ ಮೇಲೆ,
ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತಿದ್ದ,
ಒಂದೊಂದನ್ನೇ, ಎಣಿಸುವವನಂತೆ.
ಮೂಡಣದ ಗಾಳಿ ಬೀಸಿದ ಒಂದು ರಾತ್ರಿ
ಹಲ್ಲು ಕಟಕಟ ಎನ್ನುವುದು ನನ್ನ ಗೂಡಿಗೂ ಕೇಳಿತು.
ಸೆರಪಿನ್ ಬಾಯಿ ಕೇಳದೆಯೇ ಲೋಟ ಕೊಟ್ಟಳು.
‘ಬೆಚ್ಚ ಉಂಡು, ಮೆಲ್ಲ ಪರ್ಲ’ ಅಂದ ವಾಮನಣ್ಣ.
ಹುಡುಗ ಮೂಸಿದ. ಒಂದು ಗುಟುಕು.
ಲೋಟ ಇಳಿಸಿ ಪಾತ್ರೆಯೊಳಗೆ ಇಣುಕಿ ನೋಡಿದ.
‘ಕುಲ್ಥಿ’ ಅಂದ.
ದೂರದ ಬಸ್‌ಸ್ಟ್ಯಾಂಡಿನಲ್ಲಿ
ನೆಂಟರೊಬ್ಬರ ಬೆನ್ನು ಗುರುತಿಸಿ ಕೂಗಿದ ಹಾಗೆ
ಇನ್ನೊಮ್ಮೆ, ಜೋರಾಗಿ.

ಕ್ರಿಸ್ಮಸ್ ಮುಗಿದ ವಾರ ಅವಳು ಬಚ್ಚಲಲ್ಲಿ ಜಾರಿದಳು.
ಮಣಿಕಟ್ಟಿಗೆ ಪ್ಲಾಸ್ಟರು, ಒಲೆಗೆ ಬೂದಿ.
ಎರಡು ರಾತ್ರಿ ಗೂಡಂಗಡಿಯ ಚಾ ಕುಡಿದು
ಎಲ್ಲರೂ ಎಲ್ಲರ ಮೇಲೂ ರೇಗಿದರು.
ಮೂರನೆಯ ರಾತ್ರಿ ಗೋಡೆಯಾಚೆ ಹೊಗೆ.
ನಿದ್ದೆ ಬಿಟ್ಟು ಹುಡುಗ ಒಲೆ ಹೂಡಿದ್ದ,
ಅವಳದೇ ಪಾತ್ರೆ, ಅವಳದೇ ಸೌಟು,
ಎಣ್ಣೆ ಮಾತ್ರ ಸಾಸಿವೆಯದು,
ಹುಳಿಗೆ ಟೊಮೆಟೊ,
ಮೆಣಸಿನ ಖಾರ ಮೂಗಿನಿಂದ ಹೊರಗೆ ಬರುವಷ್ಟು.
‘ಇದು ಸಾರಲ್ಲ ಮಾರಾಯ’ ಅಂದ ಮೈಯದ್ದಿ,
ಅನ್ನುತ್ತಲೇ ಲೋಟ ಮತ್ತೆ ಮುಂದೆ ಚಾಚಿದ.

ಯಾರು ಹೇಳಿದರೋ, ರಿಕ್ಷಾದಲ್ಲಿ ಬಂದಿಳಿದಳು
ಸೆರಪಿನ್ ಬಾಯಿ, ಕೈ ಶಾಲಿನ ಜೋಲಿಯಲ್ಲಿ.
ಎಡಗೈಯಲ್ಲಿ ಸೌಟೆತ್ತಿ ರುಚಿ ನೋಡಿದಳು.
‘ಉಪ್ಪು ಸಾಲದು’ ಅಂದಳು.
ಇನ್ನೇನೂ ಅನ್ನಲಿಲ್ಲ, ತಳದವರೆಗೆ ಕುಡಿದಳು,
ತೆಂಗಿನೆಣ್ಣೆಯ ಡಬ್ಬ ಎಲ್ಲಿದೆಯೆಂದು
ಹೇಳದೆಯೇ ಹೋದಳು.

ಅವತ್ತು ನಾನು ಲೋಟ ಹಿಡಿದೇ ಲೆಕ್ಕ ಬರೆದೆ.
ಕ್ಯಾನು ನೂರ ಹನ್ನೆರಡು, ಒಡೆದದ್ದು ಮೂರು,
ಮೂರರ ಮೇಲೆ ಒಂದು ತೊಟ್ಟು ಬಿತ್ತು.
ಏಪ್ರಿಲಿನಲ್ಲಿ ಆಡಿಟಿನವರು ಆ ಕಂದು ಕಲೆಗೆ ಬೆರಳಿಟ್ಟು
ಇದೇನು ಎಂದು ಕೇಳಿದರು.
ಹುರುಳಿ, ಅಂದೆ.
ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ
ಪುಟ ತಿರುಗಿಸಿದರು.